ಎರಡು ಕುರ್ಚಿಯ ಕಾರ್ಪೊರೇಟರ್

ಜಾರ್ಜ್ ಫರ್ನಾಂಡಿಸರ ಬಗ್ಗೆ ಕನ್ನಡದಲ್ಲಿ ಬರೆಯುವವರೆಲ್ಲ ಒಂದೇ ಜಾಗದಲ್ಲಿ ಹಾರುತ್ತಾರೆ. ಅಲ್ಲಿಯವರೆಗೆ ನಡಿಗೆ ನಿಧಾನ. ಮಂಗಳೂರಿನ ಬಿಜೈ, 1930ರ ಜೂನ್ 3; ಅದೇ ತಾರೀಖಿನಲ್ಲಿ ಹುಟ್ಟಿದ್ದ ಐದನೇ ಜಾರ್ಜ್ ದೊರೆಯ ಹೆಸರನ್ನು ತಾಯಿ ಚೊಚ್ಚಲ ಮಗನಿಗೆ ಇಟ್ಟದ್ದು; ಬೆಂಗಳೂರಿನ ಸೆಮಿನರಿಯಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ಹುಡುಗರಿಗೆ ಬೇರೆ ಮೇಜು, ಬೇರೆ ಊಟ ಎಂಬುದನ್ನು ಸಹಿಸದೆ ಹೊರಬಿದ್ದದ್ದು; ಮುಂಬಯಿಯ ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದವರನ್ನು ನಡುರಾತ್ರಿ ಪೊಲೀಸಿನವ ಎಬ್ಬಿಸಿದ್ದು. ಇವೆಲ್ಲ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಆಮೇಲೆ ಒಂದು ಅಲ್ಪವಿರಾಮ. ಅದನ್ನು ದಾಟಿದರೆ ನಾವು 1967ರಲ್ಲಿ ನಿಂತಿರುತ್ತೇವೆ: ದಕ್ಷಿಣ ಮುಂಬಯಿ, ಎಸ್. ಕೆ. ಪಾಟೀಲ, ‘ದೈತ್ಯಸಂಹಾರಿ’. ನಡುವಿನ ವರ್ಷಗಳು ಒಂದು ಕೃದಂತದಲ್ಲಿ ಮುಗಿದಿರುತ್ತವೆ: ‘ಮುಂಬಯಿ ಮಹಾನಗರಪಾಲಿಕೆಯ ಸದಸ್ಯರಾಗಿದ್ದು’. ಕನ್ನಡದ ಈ ‘ಆಗಿದ್ದು’ ಬಲು ಅನುಕೂಲದ ಪದ. ಏನೋ ಇತ್ತು ಎಂದೂ ಹೇಳುತ್ತದೆ, ಹೇಳುವಂಥದ್ದೇನೂ ಇರಲಿಲ್ಲ ಎಂದೂ ಹೇಳುತ್ತದೆ. ನನ್ನ ತಕರಾರು ಆ ಪದದ ಮೇಲೆ.

ತೀರ್ಪನ್ನು ಕೊನೆಗೆ ಇಟ್ಟುಕೊಂಡು ಓದುಗರನ್ನು ಕಾಯಿಸುವ ಆಟ ನನಗೆ ಬೇಡ. ದೈತ್ಯಸಂಹಾರಿ ಎಂಬ ಬಿರುದು ಅಗತ್ಯಕ್ಕಿಂತ ಊದಿಕೊಂಡದ್ದು. 1961ರಿಂದ 1968ರವರೆಗೆ ಪಾಲಿಕೆಯಲ್ಲಿ ಕೂತಿದ್ದ ಕಾರ್ಪೊರೇಟರ್‌ಗೆ ಮಾತ್ರ ಕೇಳುವವರಿಲ್ಲ. ಜಾರ್ಜ್ ತಮ್ಮ ರಾಜಕೀಯದಲ್ಲಿ ನಿಜವಾಗಿ ಹೊಸದೇನಾದರೂ ಮಾಡಿದ್ದರೆ ಅದು ಆ ಸಭಾಂಗಣದಲ್ಲಿ. ಮುಂದಿನದು ಅದರ ವಿಸ್ತಾರ, ಕೆಲವು ಕಡೆ ಅದರ ನಕಲು. ಅವರ ದೊಡ್ಡ ಕೊರತೆಯೂ ಅಲ್ಲೇ ಕಣ್ಣುಬಿಟ್ಟದ್ದು.

ನಾನಿರುವುದು ನವಿ ಮುಂಬಯಿಯ ರಬಾಳೆಯಲ್ಲಿ. ಠಾಣೆ–ಬೇಲಾಪುರ ರಸ್ತೆಯ ಒಂದು ಮಗ್ಗುಲಿಗೆ ಎಂಐಡಿಸಿಯ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಹಳೆಯ ಆಗ್ರಿ–ಕೋಳಿ ಊರು, ಅದರ ಮೈಮೇಲೆ ಎದ್ದ ಕಟ್ಟಡಗಳು. ಜಾರ್ಜ್ ಪಾಲಿಕೆ ಪ್ರವೇಶಿಸಿದಾಗ ಇಲ್ಲಿ ನಗರವೇ ಇರಲಿಲ್ಲ. ಈ ನಗರ ಕಟ್ಟಿದ ಸಿಡ್ಕೊ ನಿಗಮ ಹುಟ್ಟಿದ್ದು 1970ರಲ್ಲಿ, ನವಿ ಮುಂಬಯಿ ಮಹಾನಗರಪಾಲಿಕೆ 1992ರ ಜನವರಿ 1ರಂದು, ಅದರ ಮೊದಲ ಚುನಾವಣೆ 1995ರಲ್ಲಿ. 2020ರ ಮೇ ತಿಂಗಳಲ್ಲಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಮೀರಿ ಆಯುಕ್ತರೇ ಆಡಳಿತಾಧಿಕಾರಿ. ಖಾಡಿಯಾಚೆಯ ಮುಂಬಯಿಗೂ 2022ರ ಮಾರ್ಚಿನಿಂದ ಅದೇ ಗತಿಯಾಯಿತು. ಆ ದಿನಗಳಲ್ಲಿ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಒಬ್ಬರು, ‘ಕಾರ್ಪೊರೇಟರ್ ಇಲ್ಲದಿದ್ದರೂ ನೀರು ಬರ್ತಾ ಇದೆಯಲ್ಲ’ ಎಂದರು. ಬರುತ್ತಿತ್ತು, ನಿಜ. ಮೊರ್ಬೆ ಅಣೆಕಟ್ಟು ಪಾಲಿಕೆಯ ಸ್ವಂತದ್ದು. ಅದಕ್ಕೆ ವಾರ್ಡು ಗೊತ್ತಿಲ್ಲ. ಹಾಗಾದರೆ ಈ ಪ್ರಾಣಿ ಏತಕ್ಕೆ ಬೇಕು ಎಂಬ ಪ್ರಶ್ನೆ ನನ್ನನ್ನು ಜಾರ್ಜರ ಆ ಏಳು ವರ್ಷಗಳ ಕಡೆಗೆ ತಳ್ಳಿತು.

ಕಾನೂನು ಬಲ್ಲವರಿಗೆ ಇದು ಹಳೆಯ ಕಥೆ. ಮುಂಬಯಿಯ ಪಾಲಿಕೆ ನಡೆಯುವುದು 1888ರ ಕಾಯ್ದೆಯ ಮೇಲೆ. ಫಿರೋಜ್‌ಶಾ ಮೆಹತಾರಂಥವರು ಗುದ್ದಾಡಿ ಸಭೆಗೆ ಒಂದಿಷ್ಟು ಮಾನ ಗಳಿಸಿಕೊಟ್ಟರೂ ಕಾರ್ಯಾಂಗದ ಕೀಲಿಕೈ ಉಳಿದದ್ದು ಸರ್ಕಾರ ನೇಮಿಸುವ ಆಯುಕ್ತರ ಸೊಂಟದಲ್ಲಿ. ಸದಸ್ಯ ಪ್ರಶ್ನೆ ಕೇಳಬಹುದು, ಬಜೆಟ್ಟಿಗೆ ಕೈ ಎತ್ತಬಹುದು, ಸ್ಥಾಯಿ ಸಮಿತಿಗೆ ಹೋದರೆ ಕಡತಗಳನ್ನು ತಡೆಯಬಹುದು. ಮಾಡಿಸಬಹುದು, ಮಾಡಲಾಗದು. ಮರಾಠಿಯಲ್ಲಿ ಮೊದಲು ಈ ಸದಸ್ಯನಿಗೆ ‘ನಗರಪಿತಾ’ ಎನ್ನುತ್ತಿದ್ದರು, ಈಗ ‘ನಗರಸೇವಕ’. ಅಪ್ಪನಿಂದ ಆಳಿನವರೆಗಿನ ಈ ಬದಲಾವಣೆಯನ್ನು ಪ್ರಜಾಪ್ರಭುತ್ವದ ಪ್ರಗತಿ ಎಂದು ಕೆಲವರು ಸಂಭ್ರಮಿಸುತ್ತಾರೆ. ನನಗೆ ಕಾಣುವುದು ಬೇರೆ. ಅಪ್ಪನಿಗೂ ಆಳಿಗೂ ಮನೆಯ ಯಜಮಾನಿಕೆ ಕಾಯ್ದೆಯಲ್ಲಿ ಸಿಕ್ಕಿರಲಿಲ್ಲ, ಅಷ್ಟೆ. ಜಾರ್ಜ್ ಇವೆರಡೂ ಆಗಲಿಲ್ಲ ಎಂಬುದರಲ್ಲೇ ಅವರ ಸ್ವಾರಸ್ಯ ಇರುವುದು.

ಅವರು ಆ ಕಟ್ಟಡದೊಳಕ್ಕೆ ಹೋದದ್ದು ಹಿಂಬಾಗಿಲಿನಿಂದ ಎನ್ನಬೇಕು. ವಿಕ್ಟೋರಿಯಾ ಟರ್ಮಿನಸ್ಸಿನ ಎದುರು ಸ್ಟೀವನ್ಸ್ ಕಟ್ಟಿದ ಆ ಗೋಪುರದ ಮುಂಬಾಗಿಲಿನಿಂದ ವಕೀಲರು, ಡಾಕ್ಟರರು, ಗಿರಣಿ ಮಾಲೀಕರ ಬಂಧುಗಳು ಹೋಗುತ್ತಿದ್ದರು; 1957ರಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಗೆದ್ದ ಮೇಲೆ ಕಾಮ್ರೇಡರೂ ಹೋದರು, 1958ರಲ್ಲಿ ಮಿರಾಜ್ಕರ್ ಮೇಯರೇ ಆದರು. ಜಾರ್ಜರ ದಾರಿ ಗೋದಿಯಿಂದ, ಅಂದರೆ ಹಡಗುಕಟ್ಟೆಯಿಂದ. ಮಂಗಳೂರು ಕಡೆಯ ಪ್ಲಾಸಿಡ್ ಡಿಮೆಲ್ಲೊ ಮುಂಬಯಿ ಬಂದರಿನ ಕೂಲಿಗಳ ನಾಯಕ. ಹಳೆಯ ಫ್ರೇರ್ ರೋಡಿಗೆ ಇಂದು ಅವರದೇ ಹೆಸರು. ಕೆಲಸ ಹುಡುಕಿ ಬಂದ ಹುಡುಗ ಪತ್ರಿಕೆಯಲ್ಲಿ ಕರಡು ತಿದ್ದುತ್ತ, ಲೋಹಿಯಾರ ಮಾತಿಗೆ ಮರುಳಾಗಿ, ಡಿಮೆಲ್ಲೊ ಬಳಿ ಪಳಗಿದ. 1958ರಲ್ಲಿ ಡಿಮೆಲ್ಲೊ ತೀರಿಕೊಂಡಾಗ ಬಾಧ್ಯತೆಯೆಲ್ಲ ಇವರ ಹೆಗಲಿಗೆ ಬಂತು. ಪಾಲಿಕೆಯ ಸಫಾಯಿ ಕಾಮಗಾರರು, ಬೆಸ್ಟ್ ಬಸ್ಸಿನ ಡ್ರೈವರು–ಕಂಡಕ್ಟರುಗಳು, ಟ್ಯಾಕ್ಸಿಯವರು, ಹೋಟೆಲಿನವರು. ಈ ಪಟ್ಟಿಯಲ್ಲಿ ಮೊದಲ ಎರಡು ಹೆಸರುಗಳ ಮೇಲೆ ಬೆರಳಿಡಿ. ಪಾಲಿಕೆಯ ನೌಕರರ ಮಾಲೀಕ ಪಾಲಿಕೆ. 1947ರ ಆಗಸ್ಟ್ 7ರಿಂದ ಬೆಸ್ಟಿನ ಮಾಲೀಕನೂ ಪಾಲಿಕೆಯೇ. 1961ರಲ್ಲಿ ಜಾರ್ಜ್ ಗೆದ್ದು ಕೂತದ್ದು ಮಾಲೀಕನ ಕುರ್ಚಿಯಲ್ಲಿ. ಎದ್ದು ಹೊರಗೆ ಬಂದರೆ ಡಿಪೋದ ಗೇಟಿನಲ್ಲಿ ಅವರು ಕಾರ್ಮಿಕನ ಕುರ್ಚಿಯವರು.

ಈ ಎರಡು ಕುರ್ಚಿಯನ್ನು ಯಾರೂ ಸರಿಯಾಗಿ ನೋಡಿಲ್ಲ. ಇದು ಆಕಸ್ಮಿಕವಲ್ಲ, ವಿಧಾನ ಎಂಬುದು ನನ್ನ ವಾದ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಸಾಮಾನ್ಯ ಸದಸ್ಯನೊಬ್ಬ ಎದ್ದು ನಿಂತು ತನ್ನ ವಾರ್ಡಿನಲ್ಲಿ ಕಸ ಏಕೆ ಎತ್ತಿಲ್ಲ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಅದು ದೂರು. ಅಧಿಕಾರಿ ಎದ್ದು ಗಾಡಿ ಕಮ್ಮಿ, ಜನ ಕಮ್ಮಿ, ಪರಿಶೀಲಿಸುತ್ತೇವೆ ಎನ್ನುತ್ತಾನೆ. ಕಸ ಅಲ್ಲೇ ಇರುತ್ತದೆ. ಅದೇ ಪ್ರಶ್ನೆಯನ್ನು ಕಸ ಎತ್ತುವವರ ಯೂನಿಯನ್ನಿನ ನಾಯಕ ಕೇಳಿದರೆ ವಾಕ್ಯದ ಅಂಗಾಂಗವೆಲ್ಲ ಬದಲಾಗುತ್ತದೆ. ಆತನಿಗೆ ಉತ್ತರ ಗೊತ್ತು. ಬೆಳಿಗ್ಗೆಯೇ ಚೌಕಿಯಲ್ಲಿ ಕೇಳಿಕೊಂಡು ಬಂದಿದ್ದಾನೆ. ಅಧಿಕಾರಿಯ ಉತ್ತರ ಸುಳ್ಳಾದರೆ ಅಲ್ಲೇ ಹಿಡಿಯಬಲ್ಲ, ನಿಜವಾದರೆ ಅದನ್ನೇ ಬೇಡಿಕೆಪಟ್ಟಿಯ ಮೊದಲ ಸಾಲಾಗಿಸಬಲ್ಲ. ಆ ಪ್ರಶ್ನೆಯೊಳಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇರುತ್ತದೆ: ನಾಳೆ ಕಸ ಎತ್ತದೆಯೂ ಇರಬಹುದು. ಕಾಯ್ದೆ ಸದಸ್ಯನಿಗೆ ಕೊಡದ ಕಾರ್ಯಾಂಗದ ಅಧಿಕಾರ ಈ ಮನುಷ್ಯನಿಗೆ ಹಿಂದುಮುಂದಾಗಿ ಸಿಕ್ಕಿತು. ಮಾಡಿಸುವ ಅಧಿಕಾರ ಆಯುಕ್ತರದ್ದು, ನಿಲ್ಲಿಸುವ ಅಧಿಕಾರ ಇವರದ್ದು. ನೂರಕ್ಕೂ ಹೆಚ್ಚು ಮಂದಿಯ ಆ ಸಭೆಯಲ್ಲಿ ಆಯುಕ್ತರಿಗೆ ಸರಿಜೋಡಿಯಾಗಿ ಇದ್ದವರು ಮೇಯರ್ ಅಲ್ಲ. ಮೇಯರ್ ಸರಪಣಿ ಹಾಕಿಕೊಂಡು ಗಂಟೆ ಬಾರಿಸುತ್ತಿದ್ದರು.

ಕೇಳುಗರು ಕೂಡ ಒಂದೇ ಬಗೆಯವರಲ್ಲ. ಸದನದೊಳಗಿನ ಮಾತು ಮಾರನೇ ದಿನ ಪತ್ರಿಕೆಯ ಮೂಲಕ ಡಿಪೋ ತಲುಪುತ್ತದೆ; ಡಿಪೋದ ಗೇಟ್ ಮೀಟಿಂಗಿನ ಮಾತು ಅಧಿಕಾರಿಗಳ ಮೂಲಕ ಸದನ ತಲುಪುತ್ತದೆ. ಎರಡು ಕಡೆಯೂ ಇನ್ನೊಂದು ಕಡೆಯವರಿಗೆ ಕೇಳಿಸಲೆಂದೇ ಮಾತಾಡುವ ಕಲೆ ಇದು. ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಅರ್ಥಧಾರಿ ಎದುರು ಕೂತವನಿಗೆ ಉತ್ತರ ಕೊಡುತ್ತಿರುವಂತೆ ಕಂಡರೂ ಅವನ ಕಿವಿ ಇರುವುದು ಚಾವಡಿಯ ಕೊನೆಯ ಸಾಲಿನಲ್ಲಿ. ಜಾರ್ಜ್ ತಾಳಮದ್ದಳೆಯಿಂದ ಕಲಿತರು ಎನ್ನುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಬರೆದುಬಿಡಬೇಡಿ.

ಇದು ಹಿತಾಸಕ್ತಿಯ ಘರ್ಷಣೆಯಲ್ಲವೇ? ಹೌದು. ಅಲ್ಲೇ ಕಾಯ್ದೆಯ ಒಂದು ಮೋಜು ಇದೆ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿರುವವನು ಸದಸ್ಯನಾಗಕೂಡದು ಎಂದು ಕಾಯ್ದೆ ಹೇಳುತ್ತದೆ. ಪಾಲಿಕೆಯ ಸಂಬಳ ತಿನ್ನುವವನೂ ಆಗಕೂಡದು. ಹತ್ತೊಂಬತ್ತನೇ ಶತಮಾನದ ಕಾನೂನುಕರ್ತರಿಗೆ ಹಣದ ಥೈಲಿಯ ಭಯವಿತ್ತು. ಪೊರಕೆಗೂ ಒಂದು ಹಿತಾಸಕ್ತಿ ಇದ್ದೀತು, ಅದು ಸಂಬಳವನ್ನೂ ಗುತ್ತಿಗೆಯನ್ನೂ ಮುಟ್ಟದೆ ಯೂನಿಯನ್ನಿನ ಚಂದಾ ಪುಸ್ತಕ ಹಿಡಿದು ಒಳಗೆ ಬಂದೀತು ಎಂಬುದು ಅವರ ಕನಸಿನಲ್ಲೂ ಇರಲಿಲ್ಲ. ಬೆಸ್ಟಿನ ಬಜೆಟ್ ಅದರ ಸಮಿತಿಯಿಂದ ಹೊರಟು ಸ್ಥಾಯಿ ಸಮಿತಿ ದಾಟಿ ಕೊನೆಗೆ ಇಡೀ ಸಭೆಯ ಮುಂದೆ ಬರಬೇಕು. ಅದರಲ್ಲಿ ಸಂಬಳ, ತುಟ್ಟಿಭತ್ಯೆಗಳ ಅಂಕಣವಿರುತ್ತದೆ. ಅದರ ಮೇಲೆ ಮಾತಾಡುವ ಹಕ್ಕು ಸದಸ್ಯ ಜಾರ್ಜರದ್ದು, ಆ ಅಂಕಣವನ್ನು ಬೆಳೆಸುವ ಹೊಣೆ ಯೂನಿಯನ್ನಿನ ಜಾರ್ಜರದ್ದು. ಎಡಗೈ ಬಲಗೈಯ ಜೊತೆ ಚೌಕಾಸಿ ಮಾಡಿದಂತೆ. ಶುಚಿವಂತರು ಮೂಗು ಮುರಿಯಲಿ. ಸಭೆಯ ಇನ್ನೆಷ್ಟೋ ಮಂದಿಗೆ ಭೂಮಿ, ಕಟ್ಟಡ, ವ್ಯಾಪಾರಗಳಲ್ಲಿ ಇದ್ದ ಹಿತಾಸಕ್ತಿ ಎದ್ದು ಕಾಣುತ್ತಿರಲಿಲ್ಲ, ಇವರದು ಕಾಣುತ್ತಿತ್ತು. ಕಾಣುವುದೇ ಅದರ ಮರ್ಯಾದೆ.

ಇಲ್ಲಿಯವರೆಗೆ ನಾನು ವಕೀಲಿ ಮಾಡಿದೆ. ಇನ್ನು ಮುಂದೆ ಜಾರ್ಜ್ ಅಭಿಮಾನಿಗಳಿಗೆ ಬೇಸರವಾಗುವ ಭಾಗ.

1961ರ ಅದೇ ಚುನಾವಣೆಯಲ್ಲಿ, ಅದೇ ಸಮಾಜವಾದಿ ಬೇರಿನಿಂದ ಬಂದ ಇನ್ನೊಬ್ಬರು ಅದೇ ಸಭೆಗೆ ಗೆದ್ದು ಬಂದಿದ್ದರು: ಗೋರೆಗಾಂವದ ಮೃಣಾಲ್ ಗೋರೆ. ಪಕ್ಷದ ಸೀಳುಗಳಲ್ಲಿ ಆಕೆ ಆ ಕಡೆ, ಇವರು ಈ ಕಡೆ. ಆ ಜಗಳ ಈಗ ಯಾರಿಗೂ ಬೇಡ. ಗೋರೆಗಾಂವ ಆಗಷ್ಟೇ ಊರಿನಿಂದ ಉಪನಗರವಾಗುತ್ತಿದ್ದ ಜಾಗ, ನೀರಿಗೆ ತತ್ವಾರ. ಆಕೆ ಹೆಂಗಸರ ಮೋರ್ಚಾ ಕಟ್ಟಿಕೊಂಡು ಪಾಲಿಕೆಯ ಬಾಗಿಲು ಬಡಿದು ಬಡಿದು ‘ಪಾಣಿವಾಲಿ ಬಾಯಿ’ ಎಂಬ ಹೆಸರು ಪಡೆದರು. 2012ರಲ್ಲಿ ಆಕೆ ತೀರಿಕೊಂಡಾಗ, ಶಾಸಕಿಯಾಗಿದ್ದದ್ದು, ಸಂಸದೆಯಾಗಿದ್ದದ್ದು ಎಲ್ಲ ಹಿಂದೆ ಸರಿದು ಆ ಹೆಸರೇ ತಲೆಬರಹವಾಯಿತು. ಬಿರುದುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ನೀರಿನ ಬಿರುದು, ಒಬ್ಬರಿಗೆ ಸಂಹಾರದ ಬಿರುದು. ಗೋರೆ ಪಾಲಿಕೆಯನ್ನು ಕೊಳಾಯಿಯಂತೆ ಬಳಸಿದರು, ಜಾರ್ಜ್ ಧ್ವನಿವರ್ಧಕದಂತೆ. ಕೊಳಾಯಿಯ ಕೆಲಸ ಬೇಸರದ್ದು. ಎಂಜಿನಿಯರನ ನಕ್ಷೆ ಓದಬೇಕು, ಪೈಪಿನ ವ್ಯಾಸ ತಿಳಿದಿರಬೇಕು, ಯಾವ ತಿರುವಿನಲ್ಲಿ ಒತ್ತಡ ಸಾಯುತ್ತದೆ ಎಂದು ಗೊತ್ತಿರಬೇಕು. ಧ್ವನಿವರ್ಧಕಕ್ಕೆ ಬೇಕಾದದ್ದು ಎದೆ.

ಜಾರ್ಜರ ವಿಧಾನದ ಮಿತಿ ಆ ‘ನಿಲ್ಲಿಸುವ’ ಕ್ರಿಯಾಪದದಲ್ಲೇ ಇದೆ. ನಿಲ್ಲಿಸಬಲ್ಲವನಿಗೆ ನಡೆಯುತ್ತಿರುವುದರ ಮೇಲೆ ಹಿಡಿತ. ಇನ್ನೂ ಶುರುವಾಗದಿರುವುದರ ಮೇಲೆ ಇಲ್ಲ. ಬಸ್ಸು ಇದ್ದರೆ ಬಸ್ಸು ನಿಲ್ಲಿಸಬಹುದು. ನಲ್ಲಿಯೇ ಇಲ್ಲದ ಝೋಪಡಪಟ್ಟಿಯಲ್ಲಿ ಏನನ್ನು ನಿಲ್ಲಿಸುವುದು? ಪಾಲಿಕೆಯ ನೌಕರನಾದವನಿಗೆ ಜಾರ್ಜರಿಂದ ಬೋನಸ್ಸು, ಭತ್ಯೆ, ಎಲ್ಲಕ್ಕಿಂತ ಹೆಚ್ಚಾಗಿ ತಲೆಯೆತ್ತಿ ಮಾತಾಡುವ ಎದೆಗಾರಿಕೆ ಸಿಕ್ಕಿತು, ಅದನ್ನು ಕಡಿಮೆಯೆಂದು ನಾನು ಎಣಿಸುವುದಿಲ್ಲ. ಆದರೆ ಯಾರ ನೌಕರನೂ ಅಲ್ಲದವನು, ನಾಕಾದಲ್ಲಿ ನಿಂತವನು, ಆ ಲೆಕ್ಕದೊಳಗೆ ಬರಲೇ ಇಲ್ಲ. ಅವರ ಸದಸ್ಯತ್ವದ ನಡುವೆಯೇ, 1964ರ ಮಾರ್ಚ್ 31ರ ರಾತ್ರಿ ಬೋರಿಬಂದರದಿಂದ ದಾದರಿನವರೆಗೆ ಮುಂಬಯಿಯ ಕೊನೆಯ ಟ್ರಾಮ್ ಓಡಿತು. ಒಂದು ನಗರ ತನ್ನ ಅಗ್ಗದ ಸವಾರಿಯನ್ನು ಬೀದಿಯಿಂದ ಕಿತ್ತುಹಾಕಿದ ಆ ತೀರ್ಮಾನ ಮುಷ್ಕರದಿಂದ ತಡೆಯುವಂಥದ್ದಲ್ಲ. ಅದು ಹಳಿ, ರಸ್ತೆಯಗಲ, ಯಾರಿಗೆ ರಸ್ತೆ ಎಂಬ ಪ್ರಶ್ನೆ. ಜಾರ್ಜರ ಚರಿತ್ರೆಯಲ್ಲಿ ಆ ಟ್ರಾಮಿಗೆ ಯಾರೂ ಜಾಗ ಕೊಟ್ಟದ್ದನ್ನು ನಾನು ಕಂಡಿಲ್ಲ. ಕೊಡದಿರುವುದು ಬರೆದವರ ತಪ್ಪು ಮಾತ್ರವಲ್ಲ ಎಂಬ ಅನುಮಾನ ನನಗಿದೆ.

ಈಗ ಬರೆದವರ ವಿಷಯ. ಕನ್ನಡದಲ್ಲಿ ಜಾರ್ಜ್ ವಿಮರ್ಶೆ ಮೂರು ಮಠಗಳಲ್ಲಿ ನಡೆಯುತ್ತದೆ. ಮೊದಲನೆಯದು ತುರ್ತುಪರಿಸ್ಥಿತಿಯ ಮಠ. ನಮ್ಮ ಸಾಹಿತಿಗಳಲ್ಲಿ ಹೆಚ್ಚಿನವರು ಇದರ ಒಕ್ಕಲು. ಬೇಡಿ ತೊಟ್ಟ ಕೈಯೆತ್ತಿದ ಆ ಫೋಟೊ, ಬರೋಡಾ ಡೈನಮೈಟ್ ಮೊಕದ್ದಮೆ, ಬೆಂಗಳೂರಿನಲ್ಲಿ ತಮ್ಮ ಲಾರೆನ್ಸರಿಗೆ ಪೊಲೀಸರು ಕೊಟ್ಟ ಹಿಂಸೆ, ಸ್ನೇಹಲತಾ ರೆಡ್ಡಿಯವರ ಸಾವು. ಕನ್ನಡದ ಲೋಹಿಯಾವಾದಿಗಳಿಗೆ ಇದು ಮನೆಯ ನೋವು, ಆ ನೋವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಆ ಫೋಟೊ ಎಷ್ಟು ಪ್ರಖರವೆಂದರೆ ಅದರ ಹಿಂದೆ ಇರುವುದೆಲ್ಲ ಕತ್ತಲೆ. ಬಸ್ ಕಂಡಕ್ಟರನ ತುಟ್ಟಿಭತ್ಯೆಯಲ್ಲಿ ಕಾವ್ಯವಿಲ್ಲ, ಬೇಡಿಯಲ್ಲಿ ಇದೆ. ಚಿತ್ತಾಲರ ‘ಶಿಕಾರಿ’ ಮುಂಬಯಿಯ ಕಂಪೆನಿಯೊಳಗಿನ ಭಯವನ್ನು ಕನ್ನಡಕ್ಕೆ ತಂದಿತು. ಪಾಲಿಕೆಯ ಸಭಾಂಗಣವನ್ನು ತಂದ ಕಾದಂಬರಿ ನಾನು ಓದಿದ ಮಟ್ಟಿಗೆ ಇಲ್ಲ.

ಎರಡನೆಯದು ಲೆಕ್ಕಪತ್ರದ ಮಠ. ಇವರಿಗೆ ಜಾರ್ಜ್ ಎಂದರೆ 1979ರ ಜುಲೈ. ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಭರ್ಜರಿಯಾಗಿ ಸಮರ್ಥಿಸಿ ಆಮೇಲೆ ಆ ಸರ್ಕಾರವನ್ನೇ ತೊರೆದದ್ದು. ಆಮೇಲೆ ಬಿಜೆಪಿಯ ಸಖ್ಯ, ತೆಹಲ್ಕಾ, ಗುಜರಾತ್. ಜಮಾ ಖರ್ಚು ಬರೆದು ಕೊನೆಗೆ ದಿವಾಳಿ ಎಂದು ಸಹಿ ಹಾಕುತ್ತಾರೆ. ಮೂರನೆಯದು ಕರಾವಳಿಯ ಅಭಿಮಾನದ ಮಠ: ನಮ್ಮ ಜಾರ್ಜ್, ಕೊಂಕಣ ರೈಲು ತಂದ ಜಾರ್ಜ್. ಈ ಮಠದ ಕಾಣಿಕೆ ಡಬ್ಬಿಗೆ ನಾನೂ ಹಾಕಿದವನೇ. ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಬೆಳಗಾಗುವಷ್ಟರಲ್ಲಿ ಊರ ತೋಡು ಕಾಣುವವನು ಕೃತಘ್ನನಾಗಲಾರ. ಆ ರೈಲಿನ ನಿಗಮದ ಕಚೇರಿಯೂ ನಮ್ಮ ಬೇಲಾಪುರದಲ್ಲೇ ಇದೆ.

ಮೂರು ಮಠದವರಿಗೂ ಒಂದು ವಿಷಯದಲ್ಲಿ ಒಮ್ಮತ: ಶುರುವಾತಿನಲ್ಲಿ ನೋಡುವಂಥದ್ದೇನೂ ಇಲ್ಲ. ಎರಡನೇ ಮಠದ ಹಿರಿಯರೊಬ್ಬರೊಂದಿಗೆ ನನಗೆ ಇದರ ಮೇಲೆ ವರ್ಷಗಟ್ಟಲೆ ಜಗಳ. ಅವರ ವಾದ: ಕಾರ್ಪೊರೇಟರ್‌ಗಿರಿ ಒಂದು ಮೆಟ್ಟಿಲು, ಮೆಟ್ಟಿಲಿಗೆ ವಿಮರ್ಶೆ ಬರೆಯುತ್ತಾರೆಯೇ? ನನ್ನ ಉತ್ತರ: ಮೆಟ್ಟಿಲಿಳಿಯುವಾಗ ಎಡವುವವನು ಹತ್ತುವಾಗ ಹೇಗೆ ಕಾಲಿಟ್ಟಿದ್ದ ಎಂದು ನೋಡಬೇಕು. 1979ರಲ್ಲಿ ಅವರಿಗೆ ಕಂಡದ್ದು ದ್ರೋಹ. ನನಗೆ ಅದರಲ್ಲಿ ಹಳೆಯ ಅಭ್ಯಾಸವೊಂದರ ಕುರುಹು ಕಾಣುತ್ತದೆ. ಒಂದು ಕುರ್ಚಿಯಲ್ಲಿ ಕೂತು ಮಾತಾಡಿ ಇನ್ನೊಂದಕ್ಕೆ ಎದ್ದುಹೋಗುವ ಅಭ್ಯಾಸ. ಪಾಲಿಕೆಯಲ್ಲಿ ಅದು ಶಕ್ತಿಯಾಗಿತ್ತು, ಯಾಕೆಂದರೆ ಗೇಟಿನಲ್ಲಿ ನಿಂತವರಿಗೆ ಎರಡೂ ಕುರ್ಚಿ ಒಬ್ಬನದೇ ಎಂದು ಗೊತ್ತಿತ್ತು. ದೆಹಲಿಯಲ್ಲಿ ಗೇಟು ಎಲ್ಲಿತ್ತು? ಈ ಎಳೆಯನ್ನು ತೀರಾ ಎಳೆಯಬಾರದು, ಹರಿಯುತ್ತದೆ; ಆದರೆ ದ್ರೋಹ ಎಂಬ ಪದಕ್ಕಿಂತ ಇದು ಹೆಚ್ಚು ಭಾರ ತಾಳುತ್ತದೆ.

ಮಠಗಳ ಸಾಮಾನ್ಯ ದೇವರು ಮಾತ್ರ 1967. ಆದ್ದರಿಂದ ಆ ಗೆಲುವನ್ನೇ ಬಿಚ್ಚಿ ನೋಡೋಣ.

ಸದೋಬಾ ಪಾಟೀಲ ಎಂದರೆ ಮುಂಬಯಿಯ ಕಿರೀಟವಿಲ್ಲದ ದೊರೆ, ಕಾಂಗ್ರೆಸ್ಸಿನ ಥೈಲಿಯ ಒಡೆಯ, ಆಹಾರ ಮಂತ್ರಿಯಾಗಿದ್ದವರು, 1967ರ ಚುನಾವಣೆಯ ಹೊತ್ತಿಗೆ ರೈಲ್ವೆ ಮಂತ್ರಿ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮೊದಲು ಅವರು ಏನಾಗಿದ್ದರು? 1949ರಿಂದ 1952ರವರೆಗೆ ಮೂರು ಬಾರಿ ಇದೇ ಮುಂಬಯಿ ಪಾಲಿಕೆಯ ಮೇಯರ್. ದೈತ್ಯನೂ ಹುಡುಗನೂ ಒಂದೇ ಮನೆಯವರು. ಹುಡುಗನೊಬ್ಬ ಎಲ್ಲಿಂದಲೋ ಬಂದು ಕವಣೆಕಲ್ಲು ಬೀಸಿದ ಎಂಬ ಬೈಬಲಿನ ಕಥೆ ಇಲ್ಲಿ ಹೊಂದುವುದಿಲ್ಲ. ಪಾಲಿಕೆಯ ಮಾಜಿ ಯಜಮಾನನನ್ನು ಪಾಲಿಕೆಯ ಹಾಲಿ ಸದಸ್ಯ ಪಾಲಿಕೆಯ ನೌಕರರನ್ನು ಕಟ್ಟಿಕೊಂಡು ಸೋಲಿಸಿದ ಕಥೆ ಇದು. ಎದುರಾಳಿ ಯಾರೋ ಒಬ್ಬ ಕಾರ್ಪೊರೇಟರ್ ಎಂಬ ಉಡಾಫೆ ಪಾಟೀಲರ ಕಡೆ ಇತ್ತೆನ್ನುತ್ತಾರೆ. ಇದ್ದಿದ್ದರೆ ಅದು ತನ್ನದೇ ಹಳೆಯ ಮನೆಯನ್ನು ಮರೆತವನ ಉಡಾಫೆ.

ದೇವರಿಂದಲೂ ನನ್ನನ್ನು ಸೋಲಿಸಲಾಗದು ಎಂಬರ್ಥದ ಮಾತು ಪಾಟೀಲರ ಬಾಯಿಂದ ಬಂತೆಂದೂ, ಮಾರನೇ ದಿನವೇ ಗೋಡೆಗಳ ಮೇಲೆ, ದೇವರಿಗಾಗದಿದ್ದರೇನು ನೀವು ಸೋಲಿಸಬಹುದು ಎಂಬ ಪೋಸ್ಟರುಗಳು ಎದ್ದವೆಂದೂ ಪ್ರತೀತಿ. ಈ ಪೋಸ್ಟರನ್ನು ಚಾಲಾಕಿತನದ ಉದಾಹರಣೆಯಾಗಿ ನೂರು ಸಲ ಉದ್ಧರಿಸಿದ್ದಾರೆ, ಓದಿದವರು ಕಮ್ಮಿ. ಅದರ ಜೀವ ದೇವರಲ್ಲಿಲ್ಲ, ‘ನೀವು’ ಎಂಬುದರಲ್ಲಿದೆ. ಲೋಕಸಭೆಯ ಚುನಾವಣೆಯ ಭಾಷೆಯಲ್ಲಿ ಅಲ್ಲಿಯವರೆಗೆ ‘ನಾವು’ ಇತ್ತು: ನಾವು ದೇಶ ಕಟ್ಟುತ್ತೇವೆ, ನಾವು ಅಣೆಕಟ್ಟು ಕಟ್ಟುತ್ತೇವೆ. ‘ನೀವು’ ವಾರ್ಡಿನ ಭಾಷೆ. ನಿಮ್ಮ ನಲ್ಲಿ, ನಿಮ್ಮ ಗಟಾರ, ನಿಮ್ಮ ಬಸ್ಸು ತಡವಾಯಿತೇ. ಎದುರಿಗಿರುವವನ ಮುಖ ನೋಡಿ ಹೇಳುವ ಸರ್ವನಾಮ. ಇದನ್ನು ಬರೆದ ಕೈ ಯಾವುದೇ ಇರಲಿ, ನಿಂತು ಬರೆಸಿದವರು ಕರಡಚ್ಚು ತಿದ್ದಿ ಹೊಟ್ಟೆ ಹೊರೆದವರು, ಮಂಗಳೂರಿನಲ್ಲಿ 1949ರಲ್ಲೇ ‘ಕೊಂಕಣಿ ಯುವಕ್’ ಮಾಸಿಕವನ್ನೂ ಕನ್ನಡದ ‘ರೈತವಾಣಿ’ ವಾರಪತ್ರಿಕೆಯನ್ನೂ ಸಂಪಾದಿಸಿ, ಮುಂಬಯಿಗೆ ಬಂದ ಮೇಲೆ ಗೋದಿ ಕೂಲಿಗಳ ‘ಡಾಕ್‌ಮನ್’ ನಡೆಸಿದವರು. ಒಂದು ಪದ ಕಮ್ಮಿಯಾದರೆ ಕಾಗದ ಎಷ್ಟು ಉಳಿಯುತ್ತದೆ ಎಂದು ತಿಳಿದ ಜನ.

ಫಲಿತಾಂಶದಲ್ಲಿ ಜಾರ್ಜರಿಗೆ ನೂರಕ್ಕೆ 48.5ರಷ್ಟು ಮತ. ದೊಡ್ಡ ಗೆಲುವೇ. ಆದರೆ 1971ರಲ್ಲಿ ಅದೇ ಕ್ಷೇತ್ರದಲ್ಲಿ ದೈತ್ಯಸಂಹಾರಿ ಸೋತರು. ಇಂದಿರಾ ಅಲೆ ಎನ್ನುತ್ತಾರೆ, ಸರಿಯೇ. ಅಲೆಗೆ ಎದುರಾಗಿ ನಿಂತವರು ಬೇರೆಡೆಯೂ ಹೆಚ್ಚಿರಲಿಲ್ಲ. ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 1967ರ ನಂತರ ಒಂದು ವರ್ಷ ಅವರ ಬಳಿ ಮೂರು ಕುರ್ಚಿಗಳಿದ್ದವು. 1968ರಲ್ಲಿ ಪಾಲಿಕೆಯದನ್ನು ಬಿಟ್ಟರು. ಲೋಹಿಯಾರ ಚೌಖಂಬಾ ಕಲ್ಪನೆಯಲ್ಲಿ ರಾಜ್ಯಕ್ಕೆ ನಾಲ್ಕು ಕಂಬ: ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ. ಕೆಳಗಿನ ಕಂಬ ಮೇಲಿನದರ ಮೆಟ್ಟಿಲಲ್ಲ, ಸಮಾನ ಎತ್ತರದ್ದು. ಲೋಹಿಯಾ 1967ರ ಅಕ್ಟೋಬರಿನಲ್ಲಿ ತೀರಿಕೊಂಡರು; ಶಿಷ್ಯ ನಾಲ್ಕನೇ ಕಂಬ ಹತ್ತಿದ ಮೇಲೆ ಕೆಳಗಿನದನ್ನು ನೋಡಲಿಲ್ಲ. ಮೆಟ್ಟಿಲು ಎಂಬ ನನ್ನ ಹಿರಿಯ ಮಿತ್ರರ ಮಾತನ್ನು, ನೋಡಿ, ಸ್ವತಃ ಜಾರ್ಜರೇ ಒಪ್ಪಿದಂತಾಯಿತು. ಈ ಒಂದು ಅಂಶದಲ್ಲಿ ನಾನು ಜಗಳದಲ್ಲಿ ಸೋತಿದ್ದೇನೆ.

ಬಿಟ್ಟ ಕುರ್ಚಿ ಖಾಲಿ ಉಳಿಯಲಿಲ್ಲ. 1966ರ ಜೂನ್ 19ರಂದು ಹುಟ್ಟಿದ ಶಿವಸೇನೆ, ‘ಮದರಾಸಿ’ಗಳೆಂದು ನಮ್ಮನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಉಡುಪಿ ಹೋಟೆಲುಗಳ ಗಾಜು ಒಡೆಯುತ್ತ ಬೆಳೆದ ಸೇನೆ, 1967ರಲ್ಲಿ ಠಾಣೆಯ ನಗರಸಭೆ ಗೆದ್ದು 1968ರಲ್ಲಿ ಮುಂಬಯಿ ಪಾಲಿಕೆಗೆ 42 ಸದಸ್ಯರೊಂದಿಗೆ ನುಗ್ಗಿತು. ಹೊರಗೆ ಶಾಖೆ, ಒಳಗೆ ಸದಸ್ಯ. ಹೊರಗೆ ನಿಲ್ಲಿಸುವವರು, ಒಳಗೆ ಕೇಳುವವರು. ಮಂಗಳೂರಿಗನೊಬ್ಬ ಪಳಗಿಸಿದ ಎರಡು ಕುರ್ಚಿಯ ವಿದ್ಯೆಯನ್ನು ಮಂಗಳೂರಿಗರ ಮೇಲೆಯೇ ತಿರುಗಿಸಿದರು. ವ್ಯತ್ಯಾಸವೊಂದಿತ್ತು: ಸೇನೆಯ ಶಾಖೆ ನಲ್ಲಿಯ ಅರ್ಜಿಯನ್ನೂ ಬರೆದುಕೊಟ್ಟಿತು, ಆಂಬುಲೆನ್ಸನ್ನೂ ಇಟ್ಟಿತು. ಜಾರ್ಜ್ ಮತ್ತು ಗೋರೆ ಸೇರಿ ಮಾಡಬಹುದಾಗಿದ್ದನ್ನು ಬೇರೊಂದು ಬಣ್ಣದಲ್ಲಿ ಬೇರೆಯವರು ಮಾಡಿದರು.

ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು. ಜಾರ್ಜ್ ಕಟ್ಟಲೇ ಇಲ್ಲ ಎಂದರೆ ತಪ್ಪಾದೀತು. 1968ರಲ್ಲಿ, ಕುರ್ಚಿ ಬಿಟ್ಟ ವರ್ಷವೇ, ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ಶುರುವಾಯಿತು. ಬೇರೆ ಬ್ಯಾಂಕಿನವರು ಹತ್ತಿರ ಸೇರಿಸದ ದುಡಿಯುವವರಿಗೆಂದು. ನಿಲ್ಲಿಸುವ ಮನುಷ್ಯ ನಡೆಸಲು ಹೊರಟ ಒಂದೇ ಒಂದು ಗುರುತು ಅದು. ಆ ಬ್ಯಾಂಕು ಹೆಸರು ಬದಲಿಸಿಕೊಂಡು ನ್ಯೂ ಇಂಡಿಯಾ ಆಗಿ, 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕಿ, ಠೇವಣಿದಾರರನ್ನು ಬಾಗಿಲಲ್ಲಿ ಸಾಲು ನಿಲ್ಲಿಸಿ, ಅದೇ ವರ್ಷ ಸಾರಸ್ವತ ಬ್ಯಾಂಕಿನಲ್ಲಿ ಲೀನವಾಯಿತು. ಅರ್ಧ ಶತಮಾನದಾಚೆಯ ಪಾಪವನ್ನು ಸಂಸ್ಥಾಪಕರ ತಲೆಗೆ ಕಟ್ಟುವಷ್ಟು ನಾನು ಕ್ರೂರಿಯಲ್ಲ.

ಬೆಳಿಗ್ಗೆ ರಬಾಳೆಯ ನಾಕಾದಲ್ಲಿ ನಿಂತರೆ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಗಂಡಸರ ಹೆಗಲ ಮೇಲೆ ಸಲಿಕೆ, ಹೆಂಗಸರ ಕೈಯಲ್ಲಿ ಬುಟ್ಟಿ. ಮುಕಾದಮ ಬಂದು ತಲೆ ಎಣಿಸಿ ಟೆಂಪೊ ಹತ್ತಿಸುತ್ತಾನೆ. ಅವರ ಮಾಲೀಕ ಯಾರೆಂದು ಅವರಿಗೆ ಗೊತ್ತಿಲ್ಲ, ಪಾಲಿಕೆಯ ಕೆಲಸ ಮಾಡುವಾಗಲೂ ಗುತ್ತಿಗೆದಾರನ ಹೆಸರೇ ಗೊತ್ತಿರುವುದು. ಇಂದು ಬೆಸ್ಟಿನ ಬಸ್ಸುಗಳಲ್ಲೂ ದೊಡ್ಡ ಪಾಲು ಗುತ್ತಿಗೆ ಕಂಪೆನಿಗಳವು. ಮಾಲೀಕನೇ ಕಣ್ಣಿಗೆ ಕಾಣದ ಕಡೆ ಎರಡನೇ ಕುರ್ಚಿಯನ್ನು ಎಲ್ಲಿ ಹಾಕುವುದು? ಜಾರ್ಜರ ವಿಧಾನಕ್ಕೆ ಪಾಲಿಕೆಯೇ ಮಾಲೀಕನಾಗಿರಬೇಕಿತ್ತು. ಪಾಲಿಕೆಗಳು ಅದನ್ನು ಅರಿತೇ ಮಾಲೀಕತನದಿಂದ ಜಾರಿಕೊಂಡವೋ ಏನೋ.

2019ರ ಜನವರಿ 8ರಂದು ಮುಂಬಯಿಯಲ್ಲಿ ಬೆಸ್ಟ್ ಬಸ್ಸುಗಳು ನಿಂತವು. ಮುಷ್ಕರ ಕರೆದ ಯೂನಿಯನ್ನು ಜಾರ್ಜರ ಕೈಯಿಂದ ಶರದ್ ರಾವ್ ಅವರಿಗೆ, ಅವರಿಂದ ಅವರ ಮಗನಿಗೆ ಬಂದದ್ದು. ಒಂಬತ್ತು ದಿನ ನಗರ ನಡೆದೇ ಓಡಾಡಿತು. ಪಾಲಿಕೆಯ ಸಭೆ ಆಗ ಜೀವಂತವಾಗಿತ್ತು, ಸದಸ್ಯರೂ ಇದ್ದರು; ಆದರೆ ಡಿಪೋದ ಗೇಟಿನಿಂದ ಸಭಾಂಗಣಕ್ಕೆ, ಸಭಾಂಗಣದಿಂದ ಗೇಟಿಗೆ ನಡೆಯಬಲ್ಲ ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. ನಿವೃತ್ತ ನ್ಯಾಯಾಧೀಶರೊಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಿದ ಮೇಲೆ 16ರಂದು ಬಸ್ಸುಗಳು ಹೊರಟವು. ಹದಿಮೂರು ದಿನಗಳ ನಂತರ, 29ರ ಬೆಳಿಗ್ಗೆ, ದೆಹಲಿಯಲ್ಲಿ ಜಾರ್ಜ್ ತೀರಿಕೊಂಡರು. ಮರುದಿನದ ಕನ್ನಡ ಪತ್ರಿಕೆಗಳಲ್ಲಿ ಬೇಡಿಯ ಫೋಟೊ ಇತ್ತು, ಕೊಂಕಣ ರೈಲು ಇತ್ತು, ದೈತ್ಯಸಂಹಾರಿ ಇತ್ತು. ನಾನು ಹುಡುಕಿದ್ದು ಸಿಕ್ಕಿದ್ದು ಒಳಪುಟದ ಒಂದು ಸಾಲಿನ ನಡುವೆ: ‘ಸದಸ್ಯರಾಗಿದ್ದು’, ಅಲ್ಪವಿರಾಮ.